ಕಲೆಕ್ಟರ್ ಫಲಕದಲ್ಲಿರುವುದು ಕುರ್ಚಿ ಹಿಡಿದ ವರ್ಷ, ಆಯ್ಕೆಯಾದ ವರ್ಷವಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

‘ಬ್ರಿಟಿಷರ ಕಾಲದಲ್ಲಿ ಶಿಫಾರಸು, ವಶೀಲಿ ಅನ್ನೋದೇ ಇರಲಿಲ್ಲ, ಪರೀಕ್ಷೆ ಪಾಸಾದವನೇ ಕಲೆಕ್ಟರ್ ಆಗ್ತಿದ್ದ’ ಎಂಬ ಮಾತು ಬಳ್ಳಾರಿಯ ಸಭೆಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ತರಗತಿಗಳಲ್ಲಿ, ಒಮ್ಮೊಮ್ಮೆ ಪತ್ರಿಕೆಯ ಅಂಕಣಗಳಲ್ಲೂ ಕೇಳಿಬರುತ್ತದೆ. ಮಾತಿಗೆ ಸಾಕ್ಷಿಯಾಗಿ ಈ ಸೀಮೆಯ ಹಳೆಯ ಕಲೆಕ್ಟರ್ ಥಾಮಸ್ ಮನ್ರೋ ಹೆಸರನ್ನು ಎತ್ತುತ್ತಾರೆ. ಮನ್ರೋ ಅಂಥ ಪರೀಕ್ಷೆ ಬರೆದವರೇ ಅಲ್ಲ. ಅವರು ಈಸ್ಟ್ ಇಂಡಿಯಾ ಕಂಪನಿಯ ಸಿವಿಲ್ ನೌಕರರೂ ಆಗಿರಲಿಲ್ಲ. 1780ರಲ್ಲಿ ಮದ್ರಾಸಿನಲ್ಲಿ ಬಂದಿಳಿದ ಕಾಲ್ದಳದ ಕೆಡೆಟ್ ಅವರು. ಈ ತಪ್ಪು ಹುಟ್ಟುವ ಜಾಗ ಯಾವುದು, ಜಿಲ್ಲಾ ಕಚೇರಿಯ ಫಲಕದಲ್ಲಿರುವ ಹಳೆಯ ಕಲೆಕ್ಟರುಗಳ ಪಟ್ಟಿಯನ್ನು ಓದುವ ಸರಿಯಾದ ಕ್ರಮ ಯಾವುದು ಎಂಬುದನ್ನು ಓದುಗರ ಮುಂದಿಡಲು ಈ ಪತ್ರ.

ಮೊದಲು ಕಾನೂನು. 1793ರ ಸನ್ನದು ಕಾಯ್ದೆ ಕಂಪನಿಯ ದೊಡ್ಡ ಸಿವಿಲ್ ಹುದ್ದೆಗಳನ್ನು ಕರಾರಿಗೆ ಸಹಿ ಹಾಕಿದ ಸಿವಿಲ್ ನೌಕರರಿಗೇ ಮೀಸಲಿಟ್ಟಿತು. ಖಾಸಗಿ ವ್ಯಾಪಾರ ಮಾಡುವುದಿಲ್ಲ, ಕಾಣಿಕೆ ಮುಟ್ಟುವುದಿಲ್ಲ ಎಂಬ ಮುಚ್ಚಳಿಕೆ ಅದು. ವರ್ಷಕ್ಕೆ 500 ಪೌಂಡ್ ಮೀರಿದ ಹುದ್ದೆಗೆ 3 ವರ್ಷ ಸೇವೆಯಾಗಿರಬೇಕು, 1,500 ಪೌಂಡಿನದಕ್ಕೆ 6, 3,000ದ್ದಕ್ಕೆ 9, 4,000ದ್ದಕ್ಕೆ 12 ವರ್ಷ. ಎಷ್ಟು ವರ್ಷ ಸವೆಸಿದ್ದಾನೆ ಎಂಬುದೇ ಅಳತೆಗೋಲು. ಆ ಜಿಲ್ಲೆಯ ಭಾಷೆ ಗೊತ್ತೇ ಎಂಬ ಪ್ರಶ್ನೆ ಈ ಅಳತೆಯೊಳಗೆ ಬರುತ್ತಲೇ ಇರಲಿಲ್ಲ.

ಹಾಗಾದರೆ ಸೈನಿಕ ಮನ್ರೋ ಕಲೆಕ್ಟರ್ ಆದದ್ದು ಹೇಗೆ? 1792ರಲ್ಲಿ ಟಿಪ್ಪುವಿನಿಂದ ಬಾರಾಮಹಲ್ ಸೀಮೆ ಕೈಗೆ ಬಂದಾಗ ಅದನ್ನು ನೋಡಿಕೊಳ್ಳಲು ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸಿವಿಲ್ ನೌಕರರನ್ನು ಬಿಟ್ಟು ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಎಂಬ ಸೇನಾಧಿಕಾರಿಯನ್ನು ನೇಮಿಸಿದರು. ಮದ್ರಾಸಿನ ಸಿವಿಲ್ ನೌಕರರಿಗೆ ದೇಶಭಾಷೆ ಬರುವುದಿಲ್ಲ ಎಂಬುದು ಅದಕ್ಕಿದ್ದ ನೇರ ಕಾರಣ. ರೀಡ್ ಕೈಕೆಳಗೆ ಸಹಾಯಕರಾಗಿ ಹೋದವರು ಮನ್ರೋ. ಅಲ್ಲಿ ಏಳು ವರ್ಷ ಹೊಲದ ಬದುವಿನ ಮೇಲೆ ಕಂದಾಯ ಕಲಿತು, 1799ರಲ್ಲಿ ಕೆನರಾಕ್ಕೆ ಹೋಗಿ, 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಸೀಮೆಗೆ, ಅಂದರೆ ನಮ್ಮ ದತ್ತಮಂಡಲಕ್ಕೆ, ಪ್ರಿನ್ಸಿಪಲ್ ಕಲೆಕ್ಟರ್ ಆಗಿ ಬಂದರು. 1807ರವರೆಗೆ ಇದ್ದರು. ಅಂದರೆ ಈ ಜಿಲ್ಲೆಯ ಜನ ಇಂದಿಗೂ ನೆನೆಯುವ ಅಧಿಕಾರಿ ನಿಯಮದ ದಾರಿಯಲ್ಲಿ ಬಂದವರಲ್ಲ, ನಿಯಮ ಕೈಕೊಟ್ಟಾಗ ತೆರೆದ ಪಕ್ಕದ ಬಾಗಿಲಿನಿಂದ ಬಂದವರು. ಅವರ ಬಗ್ಗೆ ಬರೆಯುವವರು ಇದನ್ನು ಮರೆಯಬಾರದು.

ಉಳಿದವರು ಬರುತ್ತಿದ್ದ ದೊಡ್ಡ ಬಾಗಿಲು ಯಾವುದೆಂದರೆ ನಾಮನಿರ್ದೇಶನ. ಲಂಡನ್ನಿನಲ್ಲಿ ಕಂಪನಿಗೆ 24 ಮಂದಿ ಡೈರೆಕ್ಟರುಗಳು. ಪ್ರತಿವರ್ಷ ಬೇಕಾದ ‘ರೈಟರ್’ ಹುದ್ದೆಗಳನ್ನು, ಅಂದರೆ ಸಿವಿಲ್ ಸೇವೆಯ ಮೊದಲ ಮೆಟ್ಟಿಲಿನ ಹುದ್ದೆಗಳನ್ನು, ಅವರು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಿದ್ದರು, ಅಧ್ಯಕ್ಷ ಉಪಾಧ್ಯಕ್ಷರಿಗೆ ಎರಡೆರಡು ಪಾಲು. ಮಗ, ಅಳಿಯ, ತಂಗಿಯ ಮಗ, ಸ್ನೇಹಿತನ ಮಗ, ಹೀಗೆ ಪಾಲು ಖರ್ಚಾಗುತ್ತಿತ್ತು. ಹುಡುಗ ಕೊಡಬೇಕಾದದ್ದು ಒಂದು ಅರ್ಜಿ, ವಯಸ್ಸಿಗೆ ಚರ್ಚಿನ ದೀಕ್ಷಾಸ್ನಾನದ ಪ್ರಮಾಣಪತ್ರ, ಡೈರೆಕ್ಟರ್ ಸಹಿ. ಜೊತೆಗೆ ಈ ನೇಮಕಕ್ಕಾಗಿ ಯಾರಿಗೂ ಹಣ ಕೊಟ್ಟಿಲ್ಲ ಎಂಬ ಹೇಳಿಕೆ. ಇಂಥ ಹೇಳಿಕೆ ಬರೆಸಿಕೊಳ್ಳಬೇಕಾಗಿ ಬಂತೆಂದರೆ ಹುದ್ದೆ ಮಾರಾಟವೂ ಇತ್ತೆಂದೇ ಅರ್ಥ. 1809ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ಈ ಮಾರಾಟವನ್ನೇ ವಿಚಾರಣೆ ಮಾಡಿತು. ಶಿಫಾರಸು ಇರಲಿಲ್ಲ ಎನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. 1855ರವರೆಗೆ ಆ ವ್ಯವಸ್ಥೆ ನಿಂತದ್ದೇ ಶಿಫಾರಸಿನ ಮೇಲೆ.

1806ರಲ್ಲಿ ಹರ್ಟ್‌ಫರ್ಡ್‌ನಲ್ಲಿ ಶುರುವಾಗಿ 1809ರಲ್ಲಿ ಹೇಲಿಬರಿಗೆ ಹೋದ ಕಾಲೇಜು ಬಂದ ಮೇಲೆ ನಾಮನಿರ್ದೇಶಿತ ಹುಡುಗರು ಎರಡು ವರ್ಷ ಅಲ್ಲಿ ಓದಬೇಕಾಯಿತು. ಜನಸಂಖ್ಯೆಯ ಸಿದ್ಧಾಂತದ ಮಾಲ್ಥಸ್ ಅಲ್ಲಿ ಪ್ರೊಫೆಸರ್. ಮದ್ರಾಸಿಗೆ ಬಂದವರಿಗೆ 1812ರಿಂದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ದಕ್ಷಿಣದ ಭಾಷೆಗಳ ಪಾಠ. ಇವೆಲ್ಲ ಆಯ್ಕೆಯಾದ ಮೇಲಿನ ತರಬೇತಿ. ತರಬೇತಿಗೂ ಆಯ್ಕೆಗೂ ವ್ಯತ್ಯಾಸ ಮಾಡದೆ ಬರೆಯುವುದರಿಂದ ಅರ್ಧ ಗೊಂದಲ ಹುಟ್ಟುತ್ತದೆ.

ಈ ಸೇಂಟ್ ಜಾರ್ಜ್ ಕಾಲೇಜಿನ ಮಂಡಳಿಗೆ ಕಾರ್ಯದರ್ಶಿಯಾಗಿದ್ದು, ತೆಲುಗು ವ್ಯಾಕರಣವನ್ನೂ ಬರೆದ ಎ.ಡಿ. ಕ್ಯಾಂಪ್‌ಬೆಲ್ ಬಳ್ಳಾರಿಯ ಕಲೆಕ್ಟರ್ ಆದರು. ಮನ್ರೋ ಗವರ್ನರ್ ಆಗಿದ್ದಾಗ ಕೇಳಿದ ಶಾಲಾ ಲೆಕ್ಕಕ್ಕೆ ಅವರು 1823ರ ಆಗಸ್ಟ್ 17ರಂದು ಕಳಿಸಿದ ವರದಿ ನೋಡಿ. ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಅದರಲ್ಲಿ ಕನ್ನಡ ಶಾಲೆ 235, ತೆಲುಗು 226, ಮರಾಠಿ 23, ಸಂಸ್ಕೃತ 23, ಪಾರ್ಸಿ (ಪರ್ಷಿಯನ್) 21, ತಮಿಳು 4, ಇಂಗ್ಲಿಷ್ 1. ಭಾಷೆ ಬಲ್ಲ ಕಲೆಕ್ಟರ್ ಕೂತರೆ ಎಣಿಕೆ ಎಷ್ಟು ಚೊಕ್ಕವಾಗಿ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಅನಂತಪುರವೂ ಸೇರಿತ್ತು, 1882ರಲ್ಲಿ ಅದು ಬೇರೆಯಾಯಿತು. ಆ ತೆಲುಗು ಸೀಮೆಯನ್ನು ಕೂಡಿಸಿಕೊಂಡೂ ಕನ್ನಡ ಶಾಲೆಗಳೇ ಮುಂದಿದ್ದವು ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಭಾಷೆ ಬಾರದವನು ಕೂತರೆ ಏನಾಗುತ್ತದೆ? ಕಲೆಕ್ಟರ್ ಕಚೇರಿಗೆ ಆಗ ಹುಜೂರ್ ಕಚೇರಿ ಎನ್ನುತ್ತಿದ್ದರು. ಅಲ್ಲಿನ ದೇಶೀ ಸಿಬ್ಬಂದಿಗೆಲ್ಲ ಹಿರಿಯ ಹುಜೂರ್ ಶಿರಸ್ತೇದಾರ. ರೈತನ ಅರ್ಜಿ, ಶಾನುಭೋಗರ ಲೆಕ್ಕ, ಜಮಾಬಂದಿಯ ಚಿಟ್ಟಾ ಎಲ್ಲವೂ ಅವನ ಬಾಯಿಂದಲೇ ದೊರೆಯ ಕಿವಿಗೆ ಬೀಳಬೇಕು. ಅವನು ಓದಿದಷ್ಟೇ ಅರ್ಜಿ, ಅವನು ತರ್ಜುಮೆ ಮಾಡಿದ್ದೇ ದೂರು. ಕೊಯಮತ್ತೂರಿನಲ್ಲಿ ಹೀಗೇ ಆಗಿ, ಖಜಾಂಚಿ ಕಾಸಿ ಚೆಟ್ಟಿ ವರ್ಷಗಟ್ಟಲೆ ಇಡೀ ಜಿಲ್ಲೆಯನ್ನು ಕೈಯಲ್ಲಿಟ್ಟುಕೊಂಡಿದ್ದ. ಆಮೇಲೆ ಅದನ್ನು ಬಯಲಿಗೆಳೆಯಲು ಜಾನ್ ಸಲಿವನ್ ಎಂಬ ಅಧಿಕಾರಿಯ ಜೊತೆ ಇದೇ ಮನ್ರೋ ಅವರನ್ನೇ ಕರೆಸಬೇಕಾಯಿತು. ದೋಷವನ್ನು ಕೆಳಗಿನ ನೌಕರನ ತಲೆಗೆ ಕಟ್ಟುವುದು ಸುಲಭ. ಅದರ ಬೇರು ಮಾತ್ರ ಲಂಡನ್ನಿನ ಆಯ್ಕೆಯ ಕೋಣೆಯಲ್ಲಿತ್ತು.

ಇನ್ನು ಪರೀಕ್ಷೆ. 1853ರ ಸನ್ನದು ಕಾಯ್ದೆ ನಾಮನಿರ್ದೇಶನವನ್ನು ಕಿತ್ತುಹಾಕಿತು, ಮೆಕಾಲೆ ಅಧ್ಯಕ್ಷತೆಯ ಸಮಿತಿ 1854ರಲ್ಲಿ ನಿಯಮಗಳನ್ನು ಕೊಟ್ಟಿತು, 1855ರಲ್ಲಿ ಲಂಡನ್ನಿನಲ್ಲಿ ಮೊದಲ ಪರೀಕ್ಷೆ ನಡೆಯಿತು. ಹೇಲಿಬರಿ 1858ರಲ್ಲಿ ಮುಚ್ಚಿತು. ಸಮಿತಿ ಸೂಚಿಸಿದ ಒಟ್ಟು ಅಂಕ 6,875. ಯಾವ ವಿಷಯವೂ ಕಡ್ಡಾಯವಿಲ್ಲ, ಎಷ್ಟು ಬೇಕಾದರೂ ಆರಿಸಿಕೊಳ್ಳಬಹುದು. ಇಂಗ್ಲಿಷ್ ರಚನೆ, ಸಾಹಿತ್ಯ, ಇತಿಹಾಸ ಸೇರಿ 1,500. ಗಣಿತಕ್ಕೆ 1,000. ಗ್ರೀಕ್ 750, ಲ್ಯಾಟಿನ್ 750. ಫ್ರೆಂಚ್, ಜರ್ಮನ್, ಇಟಾಲಿಯನ್ ತಲಾ 375. ವಿಜ್ಞಾನ 500, ನೀತಿಶಾಸ್ತ್ರ ತರ್ಕಶಾಸ್ತ್ರಗಳ ಗುಂಪಿಗೆ 500. ಸಂಸ್ಕೃತ 375, ಅರೇಬಿಕ್ 375. ಕನ್ನಡ, ತೆಲುಗು, ತಮಿಳಿಗೆ ಸೊನ್ನೆ. ಹಡಗಲಿಯ ರೈತನ ಕಂದಾಯ ನಿಗದಿ ಮಾಡಬೇಕಾದವನನ್ನು ಆರಿಸುವಾಗ ಇಟಾಲಿಯನ್ನಿಗೆ ಅಂಕವಿತ್ತು, ಆ ರೈತನ ಮಾತಿಗೆ ಇರಲಿಲ್ಲ. ಒಳ್ಳೆಯ ಸಾಮಾನ್ಯ ವಿದ್ಯೆ ಇದ್ದವನು ಉಳಿದದ್ದನ್ನು ಆಮೇಲೆ ಕಲಿಯುತ್ತಾನೆ ಎಂಬುದು ಸಮಿತಿಯ ವಾದ. ವಾದದಲ್ಲಿ ಹುರುಳಿಲ್ಲ ಎಂದಲ್ಲ. ಅದರಿಂದ ಲಾಭವಾದದ್ದು ಮಾತ್ರ ಆಕ್ಸ್‌ಫರ್ಡ್, ಕೇಂಬ್ರಿಜ್‌ನಲ್ಲಿ ಓದಿದವರಿಗೆ, ಮತ್ತು ಲಂಡನ್ನಿನಲ್ಲಿ ರೆನ್ ಎಂಬವರು ನಡೆಸುತ್ತಿದ್ದಂಥ ಕೋಚಿಂಗ್ ಶಾಲೆಗೆ ಹಣ ಕಟ್ಟಬಲ್ಲವರಿಗೆ. ಕೋಚಿಂಗ್ ಎಂಬುದು ಇಂದಿನ ರೋಗವಲ್ಲ ಎಂದು ನಮ್ಮ ಹುಡುಗರಿಗೆ ತಿಳಿದಿರಲಿ.

ಪರೀಕ್ಷೆ ಪಾಸಾದ ಮೇಲೆ ಪ್ರೊಬೇಷನ್. ಕಾಲಕಾಲಕ್ಕೆ ಒಂದೋ ಎರಡೋ ವರ್ಷ ಇಂಗ್ಲೆಂಡಿನಲ್ಲೇ ಇದ್ದು ದಂಡಸಂಹಿತೆ, ಕ್ರಿಮಿನಲ್ ಪ್ರೊಸೀಜರ್, ಸಾಕ್ಷ್ಯ ಕಾಯ್ದೆ, ಭಾರತದ ಇತಿಹಾಸ, ತನಗೆ ಗೊತ್ತಾದ ಪ್ರಾಂತ್ಯದ ಭಾಷೆ ಓದಬೇಕು. ಕೊನೆಯಲ್ಲಿ ಕುದುರೆ ಸವಾರಿಯ ಪರೀಕ್ಷೆ. ಅರವಿಂದ ಘೋಷರು 1890ರಲ್ಲಿ ಪರೀಕ್ಷೆ ಗೆದ್ದೂ ಸವಾರಿ ಪರೀಕ್ಷೆಗೆ ಹೋಗದೆ 1892ರಲ್ಲಿ ಕೈಬಿಡಲ್ಪಟ್ಟರು. ಮದ್ರಾಸ್ ಪ್ರಾಂತ್ಯಕ್ಕೆ ಬರುವವರ ಭಾಷೆ ತಮಿಳು ಅಥವಾ ತೆಲುಗು. 235 ಕನ್ನಡ ಶಾಲೆಗಳ ಜಿಲ್ಲೆಗೆ ಬರುವವನು ತೆಲುಗು ಕಲಿತು ಬರುತ್ತಿದ್ದ. ಆದೋನಿ, ಆಲೂರು, ರಾಯದುರ್ಗದಲ್ಲಿ ಅದು ನಡೆಯಿತು. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ, ಹೊಸಪೇಟೆಯಲ್ಲಿ ಮತ್ತೆ ಶಿರಸ್ತೇದಾರನ ಬಾಯಿಯೇ ಗತಿ. 1953ರಲ್ಲಿ ಜಿಲ್ಲೆಯನ್ನು ಭಾಷೆಯ ಗೆರೆಯ ಮೇಲೆ ಒಡೆಯುವಾಗ ಎದ್ದ ಜಗಳಕ್ಕೆ ಈ ಹಳೆಯ ಉದಾಸೀನವೂ ಒಂದು ಕಾರಣ ಎಂಬುದು ನಮ್ಮ ಅಭಿಪ್ರಾಯ.

ಕಾಗದದ ಮೇಲೆ ಬಾಗಿಲು ಎಲ್ಲರಿಗೂ ತೆರೆದಿತ್ತು. ಧರ್ಮ, ಹುಟ್ಟಿದ ಸ್ಥಳ, ವಂಶ, ಬಣ್ಣದ ಕಾರಣಕ್ಕೆ ಯಾರನ್ನೂ ಹುದ್ದೆಯಿಂದ ದೂರವಿಡಬಾರದೆಂದು 1833ರ ಸನ್ನದು ಕಾಯ್ದೆಯ 87ನೇ ಕಲಮು ಹೇಳಿತ್ತು. ಆದರೆ ಬಾಗಿಲು ಎಷ್ಟು ಅಗಲ ಎಂಬುದನ್ನು ನಿರ್ಧರಿಸುತ್ತಿದ್ದದ್ದು ವಯಸ್ಸಿನ ಮಿತಿ. 1855ರಲ್ಲಿ 23 ವರ್ಷ, 1866ರಿಂದ 21, 1878ರ ಪರೀಕ್ಷೆಯಿಂದ 19. ಹದಿನೇಳರಿಂದ ಹತ್ತೊಂಬತ್ತರ ಒಳಗೆ, ಲಂಡನ್ನಿನಲ್ಲಿ. ಬಳ್ಳಾರಿಯ ಹುಡುಗನ ಲೆಕ್ಕ ಹಾಕಿ. ಮೆಟ್ರಿಕ್ ಮುಗಿಯುವಷ್ಟರಲ್ಲೇ ಹದಿನಾರು. ಕೂಡಲೇ ಮನೆಯವರು ಹಡಗಿನ ಖರ್ಚು, ಅಲ್ಲಿನ ಊಟ ವಸತಿ, ಕೋಚಿಂಗ್ ಫೀಸು ಹೊಂದಿಸಬೇಕು. ಕಡಲು ದಾಟಿದ ತಪ್ಪಿಗೆ ಜಾತಿಯವರ ಬಹಿಷ್ಕಾರ ಎದುರಿಸಬೇಕು. ಗ್ರೀಕ್, ಲ್ಯಾಟಿನ್ ಓದಿ ಬೆಳೆದ ಹುಡುಗರ ಜೊತೆ ಎರಡೇ ವರ್ಷದಲ್ಲಿ ಸಮ ನಿಲ್ಲಬೇಕು. ಒಂದು ಸಾರಿ ತಪ್ಪಿದರೆ ಮತ್ತೆ ವಯಸ್ಸು ಉಳಿಯುವುದಿಲ್ಲ. ಮಿತಿ ಮತ್ತೆ 23ಕ್ಕೆ ಏರಿದ್ದು 1892ರಲ್ಲಿ.

ವಯಸ್ಸಿನ ವಿಷಯದಲ್ಲಿ ಒಂದು ಪ್ರಕರಣ ವಿವರವಾಗಿ ಹೇಳಬೇಕು. ನಮ್ಮ ಕಡೆ ಹುಡುಗನ ವಯಸ್ಸು ಕೇಳಿದರೆ ‘ಹದಿನಾರು ನಡೀತದ’ ಅಂತಾರೆ. ಅಂದರೆ ತುಂಬಿದ್ದು ಹದಿನೈದು. ಬಂಗಾಳದಲ್ಲೂ ಹಾಗೆಯೇ. 1848ರ ನವೆಂಬರ್‌ನಲ್ಲಿ ಹುಟ್ಟಿದ ಸುರೇಂದ್ರನಾಥ ಬ್ಯಾನರ್ಜಿ 1863ರಲ್ಲಿ ಮೆಟ್ರಿಕ್‌ಗೆ ಕೂತಾಗ ರಿಜಿಸ್ಟರಿನಲ್ಲಿ ಬಿದ್ದದ್ದು ಹದಿನಾರು. 1869ರಲ್ಲಿ ಅವರು ಈ ಐಸಿಎಸ್ (ಇಂಡಿಯನ್ ಸಿವಿಲ್ ಸರ್ವಿಸ್) ಪರೀಕ್ಷೆ ಪಾಸಾದರು. ಲಂಡನ್ನಿನ ಕಮಿಷನರುಗಳು ಆ ರಿಜಿಸ್ಟರ್ ಹಿಡಿದು, ಹದಿನಾರು ಎಂದರೆ ತುಂಬಿದ ಹದಿನಾರು ಎಂದು ಲೆಕ್ಕ ಹಾಕಿ, 21 ದಾಟಿದೆ ಎಂದು ಅವರ ಹೆಸರನ್ನೂ ಶ್ರೀಪಾದ ಬಾಬಾಜಿ ಠಾಕೂರರ ಹೆಸರನ್ನೂ ತೆಗೆದುಹಾಕಿದರು. ಕ್ವೀನ್ಸ್ ಬೆಂಚ್ ಕೋರ್ಟಿಗೆ ಹೋದ ಮೇಲೆ ಹೆಸರು ವಾಪಸ್ ಬಂತು. ನಡೆಯುವ ವರ್ಷಕ್ಕೂ ತುಂಬಿದ ವರ್ಷಕ್ಕೂ ಇರುವ ಒಂದು ವರ್ಷದ ಅಂತರ ಇಬ್ಬರ ಬದುಕನ್ನೇ ನುಂಗಬಹುದಿತ್ತು. ಆ ಪರೀಕ್ಷೆಯನ್ನು ಮೊದಲು ಪಾಸಾದ ಭಾರತೀಯ ಸತ್ಯೇಂದ್ರನಾಥ ಟ್ಯಾಗೋರ್, 1863ರಲ್ಲಿ. ಪರೀಕ್ಷೆ ಶುರುವಾಗಿ ಎಂಟು ವರ್ಷದ ಮೇಲೆ.

ಪರೀಕ್ಷೆಯನ್ನು ಇಂಗ್ಲೆಂಡ್, ಭಾರತ ಎರಡು ಕಡೆಯೂ ಒಟ್ಟಿಗೆ ನಡೆಸಬೇಕೆಂದು 1893ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಕಾಮನ್ಸ್ ಸಭೆ ನಿರ್ಣಯ ಮಾಡಿತು. ಪ್ರಾಂತ್ಯಗಳ ಅಭಿಪ್ರಾಯ ಕೇಳಿದಾಗ ಒಪ್ಪಿದ್ದು ಮದ್ರಾಸ್ ಸರ್ಕಾರ ಒಂದೇ. ಬಳ್ಳಾರಿ ಆಗ ಆ ಪ್ರಾಂತ್ಯದಲ್ಲೇ ಇತ್ತು. ಉಳಿದವರ ವಿರೋಧದಿಂದ ಅದು ಮೂಲೆಗೆ ಬಿತ್ತು. ಭಾರತದ ನೆಲದಲ್ಲಿ, ಅಲಹಾಬಾದಿನಲ್ಲಿ, ಮೊದಲ ಪರೀಕ್ಷೆ ನಡೆದದ್ದು 1922ರಲ್ಲಿ. ಮಧ್ಯೆ 29 ವರ್ಷ.

ತಹಶೀಲ್ದಾರನಾಗಿ, ಡೆಪ್ಯುಟಿ ಕಲೆಕ್ಟರನಾಗಿ ಜಿಲ್ಲೆಯ ಮಣ್ಣು ಬಲ್ಲವನು ಕಲೆಕ್ಟರ್ ಏಕಾಗಲಿಲ್ಲ ಎಂಬ ಪ್ರಶ್ನೆ ಬರುತ್ತದೆ. 1861ರ ಸಿವಿಲ್ ಸರ್ವಿಸ್ ಕಾಯ್ದೆಯ ಅನುಸೂಚಿ ಆ ಹುದ್ದೆಯನ್ನು ಕರಾರಿನ ಸೇವೆಯವರಿಗೇ ಕಟ್ಟಿಹಾಕಿತ್ತು. 1879ರಲ್ಲಿ ‘ಒಳ್ಳೆಯ ಮನೆತನ’ದವರನ್ನು ಪ್ರಾಂತ್ಯ ಸರ್ಕಾರಗಳೇ ಆರಿಸುವ ಸ್ಟಾಚ್ಯುಟರಿ ಸಿವಿಲ್ ಸರ್ವಿಸ್ ಬಂತು. ಅದೂ ಮನೆತನ ನೋಡಿ ಮಾಡಿದ ನಾಮನಿರ್ದೇಶನವೇ. ಐಚಿಸನ್ ಆಯೋಗದ ಸಲಹೆಯಂತೆ ಅದನ್ನು ಕೈಬಿಟ್ಟು ಪ್ರಾಂತೀಯ ಸೇವೆ ಕಟ್ಟಿ, ಅದರಲ್ಲಿ ಹಿರಿಯರಾದ ಕೆಲವರಿಗೆ ‘ಲಿಸ್ಟೆಡ್ ಪೋಸ್ಟ್’ ಎಂದು ಬೆರಳೆಣಿಕೆಯ ಜಾಗ ಬಿಟ್ಟರು. 1924ರಲ್ಲಿ ಲೀ ಆಯೋಗ ಇದನ್ನು ಲೆಕ್ಕಕ್ಕಿಳಿಸಿತು. ಹೊಸ ನೇಮಕಗಳಲ್ಲಿ ನೂರಕ್ಕೆ 40 ಯುರೋಪಿಯನ್ನರು, 40 ನೇರವಾಗಿ ಬಂದ ಭಾರತೀಯರು, 20 ಪ್ರಾಂತೀಯ ಸೇವೆಯಿಂದ ಬಡ್ತಿ ಪಡೆದವರು.

ಅದೇ ಸಾಮ್ರಾಜ್ಯ ಆಫ್ರಿಕಾದ ವಸಾಹತುಗಳಿಗೆ ಆಡಳಿತಗಾರರನ್ನು ಪರೀಕ್ಷೆಯೇ ಇಲ್ಲದೆ, ಕಾಲೇಜು ಗುರುಗಳ ಪತ್ರ ಮತ್ತು ಸಂದರ್ಶನ ನೋಡಿ ತೆಗೆದುಕೊಳ್ಳುತ್ತಿತ್ತು. ರಾಲ್ಫ್ ಫರ್ಸ್ ಎಂಬ ಅಧಿಕಾರಿ ದಶಕಗಳ ಕಾಲ ಅದನ್ನೇ ಮಾಡಿದರು. ಹಾಗಾಗಿ ‘ಬ್ರಿಟಿಷ್ ಪದ್ಧತಿ’ ಎಂದು ಒಂದೇ ಪದ್ಧತಿ ಇರಲಿಲ್ಲ.

ತುಂಗಭದ್ರೆಯ ಆಚೆಗಂತೂ ಲೆಕ್ಕವೇ ಬೇರೆ. ರಾಯಚೂರು ನಿಜಾಮರದ್ದು. ನಡುವೆ 1853ರಿಂದ 1860ರವರೆಗೆ ಮಾತ್ರ ಬ್ರಿಟಿಷರ ಕೈಯಲ್ಲಿತ್ತು. ಒಂದನೇ ಸಾಲಾರ್ ಜಂಗ್ ದಿವಾನರಾಗಿ ಜಿಲ್ಲೆಗಳನ್ನು ಕಟ್ಟಿದ ಮೇಲೆ ಅಲ್ಲಿ ಕಲೆಕ್ಟರ್ ಜಾಗದಲ್ಲಿ ಕೂತವನು ಅವ್ವಲ್ (ಮೊದಲನೆಯ) ತಾಲ್ಲೂಕ್‌ದಾರ್, ಅವನ ಕೆಳಗೆ ದುವ್ವಮ್ (ಎರಡನೆಯ), ಸುವ್ವಮ್ (ಮೂರನೆಯ) ತಾಲ್ಲೂಕ್‌ದಾರರು. ಉತ್ತರ ಭಾರತದಿಂದ ಕರೆಸಿದವರೇ ದೊಡ್ಡ ಹುದ್ದೆ ತುಂಬಿದ್ದರಿಂದ ಮುಲ್ಕಿ (ಸ್ಥಳೀಯ), ಗೈರ್‌ಮುಲ್ಕಿ (ಹೊರಗಿನವ) ಎಂಬ ಜಗಳ ಹುಟ್ಟಿತು. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರು. ಸುರಪುರವನ್ನು ನೋಡಿಕೊಂಡ ಮೆಡೋಸ್ ಟೇಲರ್ ಬಾಲಕನಾಗಿ ಮುಂಬಯಿಯ ವ್ಯಾಪಾರಿಯೊಬ್ಬನ ಕೈಕೆಳಗೆ ಕೆಲಸಕ್ಕೆ ಬಂದು, ನಿಜಾಮರ ಸೈನ್ಯ ಸೇರಿದವರು. ಅವರಿಗೆ ಡೈರೆಕ್ಟರ ಪಾಲೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಇತ್ತ ಮೈಸೂರು ಸೀಮೆಯಲ್ಲಿ ಮಾರ್ಕ್ ಕಬ್ಬನ್ ಕಾಲದಿಂದ ಸೇನಾಧಿಕಾರಿಗಳನ್ನೂ ಕೂಡಿಸಿಕೊಂಡ ಕಮಿಷನ್ ಆಡಳಿತ, ಅಲ್ಲಿ ಜಿಲ್ಲೆಯ ಮುಖ್ಯಸ್ಥ ಡೆಪ್ಯುಟಿ ಕಮಿಷನರ್. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿ ಎಷ್ಟೋ ವರ್ಷವಾದರೂ ಹಳ್ಳಿಯ ಹಿರಿಯರು ‘ಕಲೆಕ್ಟರ್ ಆಫೀಸಿಗೆ ಹೋಗಿ ಬರ್ತೀನಿ’ ಎನ್ನುವುದು ಈ ಮದ್ರಾಸ್ ನೆನಪಿನಿಂದ.

ಈಗ ಫಲಕದ ಮಾತು. ಜಿಲ್ಲಾ ಕಚೇರಿಗಳಲ್ಲಿ ತೂಗುಹಾಕುವ ಹೆಸರಿನ ಪಟ್ಟಿಯಲ್ಲಿರುವುದು ಅಧಿಕಾರ ವಹಿಸಿಕೊಂಡ ದಿನಾಂಕ. ಅಸಿಸ್ಟೆಂಟ್ ಕಲೆಕ್ಟರ್, ಹೆಡ್ ಅಸಿಸ್ಟೆಂಟ್, ಸಬ್ ಕಲೆಕ್ಟರ್ ದಾಟಿ ಕಲೆಕ್ಟರ್ ಆಗಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ, ಬಡ್ತಿ ಕಟ್ಟಿಕೊಂಡ ಕಾಲದಲ್ಲಿ ಅದಕ್ಕೂ ಹೆಚ್ಚು. ಆದ್ದರಿಂದ 1865ರಲ್ಲಿ ಕುರ್ಚಿಯಲ್ಲಿ ಕೂತವನ ಹೆಸರು ಕಂಡ ಕೂಡಲೇ ಪರೀಕ್ಷೆ ಬರೆದು ಬಂದವನು ಎನ್ನಬೇಡಿ. ಅವನು ಬಹುಮಟ್ಟಿಗೆ ಡೈರೆಕ್ಟರ ಪಾಲಿನ ಹೇಲಿಬರಿಯವನು. ಪರೀಕ್ಷೆಯ ಹುಡುಗರು ಜಿಲ್ಲೆಗಳ ಮೇಲೆ ಕೂರಲು ಶುರುವಾದದ್ದು ಆಮೇಲೆ. ಹಂಪಿಯ ಚರಿತ್ರೆ ಬರೆದ ರಾಬರ್ಟ್ ಸೆವೆಲ್ ಇಲ್ಲಿ ಕಲೆಕ್ಟರ್ ಆಗಿದ್ದದ್ದು ಆ ತಲೆಮಾರಿನಲ್ಲಿ. ಒಂದೇ ಹೆಸರು ಎರಡು ಮೂರು ಸಲ ಬಂದರೆ ಗಾಬರಿಯಾಗಬೇಕಿಲ್ಲ. ಕಾಯಂ ಕಲೆಕ್ಟರ್ ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ ‘ಆಕ್ಟಿಂಗ್’ ಆಗಿ ಕೂತವನ ಹೆಸರದು. ಭಾರತೀಯ ಹೆಸರಿನ ಹಿಂದೆ ರಾವ್ ಬಹಾದ್ದೂರ್, ದಿವಾನ್ ಬಹಾದ್ದೂರ್, ಖಾನ್ ಬಹಾದ್ದೂರ್ ಇದ್ದು, ಮುಂದೆ ಐ.ಸಿ.ಎಸ್. ಇಲ್ಲದಿದ್ದರೆ ಪ್ರಾಂತೀಯ ಸೇವೆಯಿಂದ ಮೇಲೆ ಬಂದವರಿರಬಹುದೇ ಎಂದು ಮೊದಲು ನೋಡಿ. ಅಂಥವರು ಮೂವತ್ತು ವರ್ಷ ಕೆಳಗಿನ ಹುದ್ದೆಗಳಲ್ಲಿ ದುಡಿದು ನಿವೃತ್ತಿಯ ಅಂಚಿನಲ್ಲಿ ಒಂದೆರಡು ವರ್ಷ ಮಾತ್ರ ಕೂರುತ್ತಿದ್ದರು. ಅವರ ಅವಧಿ ಚಿಕ್ಕದಿದೆ ಎಂದು ಅವರನ್ನು ಚಿಕ್ಕವರೆಂದು ಬಗೆಯುವುದು ಅನ್ಯಾಯ.

ಜಿಲ್ಲಾಡಳಿತಕ್ಕೆ ತಮ್ಮ ಪತ್ರಿಕೆಯ ಮೂಲಕ ನಮ್ಮ ಕೋರಿಕೆ ಇಷ್ಟು. ಮುಂದೆ ಫಲಕ ಹೊಸದಾಗಿ ಬರೆಸುವಾಗ ಹೆಸರು, ಅವಧಿಯ ಪಕ್ಕದಲ್ಲಿ ಇನ್ನೆರಡು ಕಾಲಂ ಹಾಕಿಸಲಿ: ಸೇವೆಗೆ ಸೇರಿದ ವರ್ಷ, ಬಂದ ದಾರಿ. ದಾರಿಯ ಕಾಲಂಗೆ ಸೈನ್ಯ, ನಾಮನಿರ್ದೇಶನ, ಲಂಡನ್ ಪರೀಕ್ಷೆ, ಭಾರತದ ಪರೀಕ್ಷೆ, ಬಡ್ತಿ ಎಂಬ ಐದು ಪದ ಸಾಕು. ವರ್ಷವನ್ನು ಹಳೆಯ ಮದ್ರಾಸ್ ಸಿವಿಲ್ ಲಿಸ್ಟ್‌ಗಳಿಂದ ತೆಗೆಯಬಹುದು. ದೊರೆಯದ ಕಡೆ ಊಹೆ ಮಾಡಿ ತುಂಬದೆ ಆ ಚೌಕ ಖಾಲಿ ಬಿಡಲಿ. ಮೊದಲ ಸಾಲಿನಲ್ಲಿ ಮನ್ರೋ ಹೆಸರಿನ ಮುಂದೆ ‘1780, ಸೈನ್ಯ’ ಎಂದು ಬರೆಸಲಿ.

ಇಂತಿ,
ಇತಿಹಾಸಾಸಕ್ತ ಓದುಗರು,
ಬಳ್ಳಾರಿ